ಗುಳಿಗೆಯಲ್ಲಿ ಔಷಧ ಎಷ್ಟಿದೆ? ಅಳೆಯುವುದು ಹೀಗೆ

ಮೆಡಿಕಲ್ ಶಾಪಿನಿಂದ ತಂದ ಪ್ಯಾರಸಿಟಮಾಲ್ ಗುಳಿಗೆಯ ಪಟ್ಟಿಯಲ್ಲಿ 500 ಮಿಲಿಗ್ರಾಂ ಎಂದು ಅಚ್ಚಾಗಿರುತ್ತದೆ. ಅಷ್ಟು ಔಷಧ ಅದರಲ್ಲಿ ನಿಜಕ್ಕೂ ಇದೆಯೇ ಎಂಬುದನ್ನು ಕಣ್ಣಿನಿಂದಾಗಲಿ ರುಚಿಯಿಂದಾಗಲಿ ತಿಳಿಯಲಾಗದು. ಇದನ್ನು ಅಳೆಯಲು ಇಂದು ಹೆಚ್ಚಾಗಿ ಬಳಸುವ ವಿಧಾನವೇ ಎಚ್‌ಪಿಎಲ್‌ಸಿ, ಅಂದರೆ ದ್ರವ ಕ್ರೊಮೆಟೋಗ್ರಫಿ.

1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯಂತೆ ಡ್ರಗ್ಸ್ ಇನ್‌ಸ್ಪೆಕ್ಟರ್ ಅಂಗಡಿಯಿಂದ ತೆಗೆದ ಮಾದರಿಯನ್ನು ನಾಲ್ಕು ಭಾಗ ಮಾಡಿ ಮೊಹರು ಹಾಕುತ್ತಾರೆ. ಒಂದು ಅಂಗಡಿಯವರಿಗೆ, ಒಂದು ಸರಕಾರಿ ವಿಶ್ಲೇಷಕರಿಗೆ, ಒಂದು ನ್ಯಾಯಾಲಯಕ್ಕೆ, ಇನ್ನೊಂದು ತಯಾರಕರಿಗೆ ಅಥವಾ ಪೂರೈಸಿದವರಿಗೆ. ಕೇರಳದ ಸರಕಾರಿ ಔಷಧ ಪರೀಕ್ಷಾ ಪ್ರಯೋಗಾಲಯಗಳು ಇರುವುದು ತಿರುವನಂತಪುರ, ಎರ್ನಾಕುಳಂ ಮೊದಲಾದ ಕಡೆ. ಚಿಕಿತ್ಸೆಗೆ ಮಂಗಳೂರಿಗೆ ಓಡುವ ಮಂಜೇಶ್ವರ, ಕುಂಬಳೆಯವರ ಔಷಧದ ಮಾದರಿ ಮಾತ್ರ ದಕ್ಷಿಣದ ದಾರಿ ಹಿಡಿಯುತ್ತದೆ.

ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ 20 ಗುಳಿಗೆಗಳನ್ನು ತೂಗಿ ಪುಡಿ ಮಾಡುತ್ತಾರೆ. ಪುಡಿಯ ಒಂದಂಶವನ್ನು ನಿಖರವಾಗಿ ತೂಗಿ, ದ್ರಾವಕದಲ್ಲಿ ಕರಗಿಸಿ ಸೋಸುತ್ತಾರೆ. ಯಂತ್ರಕ್ಕೆ ಬೇಕಾಗುವುದು ಇದರ ಸುಮಾರು 20 ಮೈಕ್ರೊಲೀಟರ್, ಒಂದು ಹನಿಯ ಅರ್ಧಕ್ಕಿಂತ ಕಡಿಮೆ. ಯಂತ್ರದ ಜೀವಾಳ ಕಾಲಂ ಎಂಬ ಉಕ್ಕಿನ ಕೊಳವೆ. ಉದ್ದ ಸುಮಾರು 25 ಸೆಂಟಿಮೀಟರ್, ಒಳವ್ಯಾಸ 4.6 ಮಿಲಿಮೀಟರ್. ಒಳಗೆ ಜಿಡ್ಡಿನಂಥ ಲೇಪವಿರುವ, ಸುಮಾರು 5 ಮೈಕ್ರಾನಿನ ಸಿಲಿಕಾ ಕಣಗಳು ಒತ್ತಾಗಿ ತುಂಬಿರುತ್ತವೆ. ಪಂಪು ಭಾರೀ ಒತ್ತಡದಲ್ಲಿ ದ್ರಾವಕವನ್ನು ಇದರೊಳಗೆ ನೂಕುತ್ತದೆ.

ಕಾಸರಗೋಡಿನಿಂದ ಮಂಗಳೂರಿಗೆ ಎರಡು ಬಸ್ಸುಗಳು ಒಟ್ಟಿಗೆ ಹೊರಟವು ಎನ್ನೋಣ. ಕುಂಬಳೆ, ಉಪ್ಪಳ, ಹೊಸಂಗಡಿ ಎಂದು ಎಲ್ಲ ಕಡೆ ನಿಲ್ಲುವ ಬಸ್ಸು ತಡವಾಗಿ ತಲಪುತ್ತದೆ. ಕಾಲಂನಲ್ಲೂ ಹಾಗೆಯೇ. ಲೇಪಕ್ಕೆ ಹೆಚ್ಚು ಅಂಟುವ ವಸ್ತು ತಡವಾಗಿ, ಅಂಟದ್ದು ಬೇಗ ಹೊರಬರುತ್ತದೆ. ಬಾಗಿಲಲ್ಲಿ ಅತಿನೇರಳೆ ಬೆಳಕಿನ ಪತ್ತೆಯಂತ್ರ ಕಾದಿರುತ್ತದೆ. ಪ್ರತಿ ವಸ್ತು ದಾಟುವಾಗ ಪರದೆಯ ಮೇಲೆ ಒಂದು ಗುಡ್ಡದಂಥ ಗೆರೆ ಏಳುತ್ತದೆ. ಆ ಗುಡ್ಡದ ವಿಸ್ತೀರ್ಣವೇ ಔಷಧದ ಪ್ರಮಾಣದ ಅಳತೆ.

ಆದರೆ ಗುಡ್ಡ ಒಂದೇ ಇದ್ದರೆ ಪ್ರಯೋಜನವಿಲ್ಲ. ಹೋಲಿಸಲು ಶುದ್ಧತೆ ಗೊತ್ತಿರುವ ಪ್ರಮಾಣ ವಸ್ತು ಬೇಕು. ಭಾರತದಲ್ಲಿ ಇದನ್ನು ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯ ಕಮಿಷನ್ ಒದಗಿಸುತ್ತದೆ. ಪೂರ್ತಿ ಶುದ್ಧ ಪ್ರಮಾಣ ವಸ್ತುವಿನ ವಿಸ್ತೀರ್ಣ 1000, ಅಷ್ಟೇ ಸಾಂದ್ರತೆ ಇರಬೇಕಾದ ಮಾದರಿಯದ್ದು 940 ಬಂತೆಂದರೆ ಗುಳಿಗೆಯಲ್ಲಿ ಇರುವುದು ಶೇ. 94, ಅಂದರೆ 470 ಮಿಲಿಗ್ರಾಂ. ಪ್ಯಾರಸಿಟಮಾಲ್ ಗುಳಿಗೆಗೆ ಶೇ. 95ರಿಂದ 105ರ ಮಿತಿ ಇರುವುದರಿಂದ ಅದು ಅನುತ್ತೀರ್ಣ.

ನಮ್ಮ ಕರಾವಳಿಯ ಮಳೆಗಾಲಕ್ಕೂ ಈ ಪರೀಕ್ಷೆಗೂ ಸಂಬಂಧವಿದೆ. ತೇವ ತಗಲಿದ ಆಸ್ಪಿರಿನ್ ನಿಧಾನವಾಗಿ ಸ್ಯಾಲಿಸಿಲಿಕ್ ಆಮ್ಲ ಮತ್ತು ಅಸಿಟಿಕ್ ಆಮ್ಲವಾಗಿ ಒಡೆಯುತ್ತದೆ. ಹಳೆಯ ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬರುವುದು ಇದರಿಂದಲೇ. ಜನ 625 ಎಂದೇ ಕರೆಯುವ ಗುಳಿಗೆಯಲ್ಲಿ ಅಮಾಕ್ಸಿಸಿಲಿನ್ 500, ಕ್ಲಾವುಲಾನಿಕ್ ಆಮ್ಲ 125 ಮಿಲಿಗ್ರಾಂ ಇರುತ್ತದೆ. ತೇವಕ್ಕೆ ಮೊದಲು ಕೆಡುವುದು ಎರಡನೆಯದು. ಕೆಲವು ಸರಳ ಪರೀಕ್ಷೆಗಳಲ್ಲಿ ಕೆಟ್ಟ ಅಂಶವೂ ಒಳ್ಳೆಯದರ ಲೆಕ್ಕಕ್ಕೆ ಸೇರಿಬಿಡುವುದುಂಟು. ಎಚ್‌ಪಿಎಲ್‌ಸಿ ಎರಡನ್ನೂ ಬೇರೆ ಬೇರೆ ಗುಡ್ಡಗಳಾಗಿ ತೋರಿಸುತ್ತದೆ.

ಹಾಗೆಂದು ಈ ಯಂತ್ರ ಎಲ್ಲವನ್ನೂ ಹಿಡಿಯುತ್ತದೆ ಎಂದು ತಿಳಿಯಬಾರದು. ಗುಳಿಗೆ ಹೊಟ್ಟೆಯಲ್ಲಿ ಸರಿಯಾಗಿ ಕರಗುತ್ತದೆಯೇ ಎಂಬುದಕ್ಕೆ ಬೇರೆ ಪರೀಕ್ಷೆಯಿದೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಮಕ್ಕಳು ಸತ್ತ ಬಳಿಕ ಕೋಲ್ಡ್ರಿಫ್ ಕೆಮ್ಮಿನ ಸಿರಪ್‌ನಲ್ಲಿ ತಮಿಳುನಾಡು ಪ್ರಯೋಗಾಲಯ ಶೇ. 48.6 ಡೈಇಥಿಲೀನ್ ಗ್ಲೈಕಾಲ್ ಎಂಬ ವಿಷ ಪತ್ತೆಮಾಡಿತು. ಅಕ್ಟೋಬರಿನಲ್ಲಿ ಕೇರಳವೂ ಅದರ ಮಾರಾಟ ತಡೆಯಿತು. ಸಿರಪ್‌ನ ಔಷಧಾಂಶವನ್ನಷ್ಟೇ ಅತಿನೇರಳೆ ಬೆಳಕಿನಲ್ಲಿ ಅಳೆದಿದ್ದರೆ ಈ ವಿಷ ಕಾಣಿಸುತ್ತಿರಲಿಲ್ಲ. ಅದನ್ನು ಹುಡುಕಲು ಸಾಮಾನ್ಯವಾಗಿ ಗ್ಯಾಸ್ ಕ್ರೊಮೆಟೋಗ್ರಫಿ ಬೇಕು, ಅದಕ್ಕೂ ಮೊದಲು ಹುಡುಕಬೇಕೆಂಬ ಯೋಚನೆ ಬರಬೇಕು.

ವಿಶ್ಲೇಷಕರ ವರದಿಯನ್ನು ಒಪ್ಪದವರು 28 ದಿನಗಳೊಳಗೆ ಅದನ್ನು ಪ್ರಶ್ನಿಸುವುದಾಗಿ ತಿಳಿಸಬಹುದು. ಆಗ ನ್ಯಾಯಾಲಯ ತನ್ನಲ್ಲಿರುವ ಭಾಗವನ್ನು ಕೇಂದ್ರ ಪ್ರಯೋಗಾಲಯಕ್ಕೆ ಕಳುಹಿಸಬಹುದು. ಅದರ ವರದಿಯೇ ಅಂತಿಮ. ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿಯೊಂದಿದೆ: ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ಯಾವುದೇ ವ್ಯಕ್ತಿ ತಾನು ಕೊಂಡ ಔಷಧವನ್ನು ನಿಗದಿತ ಶುಲ್ಕ ಕಟ್ಟಿ ಸರಕಾರಿ ವಿಶ್ಲೇಷಕರಿಂದ ಪರೀಕ್ಷಿಸಿ ವರದಿ ಪಡೆಯಬಹುದು. ಗುಣಮಟ್ಟವಿಲ್ಲವೆಂದು ಕಂಡ ಔಷಧಗಳ ಪಟ್ಟಿಯನ್ನು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. ಅದರಲ್ಲಿ ಹುಡುಕಬೇಕಾದದ್ದು ಬ್ಯಾಚ್ ನಂಬರ್. ಗುಳಿಗೆ ಕತ್ತರಿಸಿ ಕೊಡುವಾಗ ಹೆಚ್ಚಾಗಿ ಅಂಗಡಿಯಲ್ಲೇ ಉಳಿಯುವ ತುಂಡಿನಲ್ಲಿ ಅದು ಅಚ್ಚಾಗಿರುತ್ತದೆ.