ಲಗಾಮು ಹಾಸನದಲ್ಲಿ, ಮಾತು ಹಿಂದಿಯಲ್ಲಿ

ಹೊಳೆನರಸೀಪುರದಿಂದ ಹಾಸನಕ್ಕೆ ಬರುವ ಬೆಳಗಿನ ಬಸ್ಸಿನಲ್ಲಿ ಮಳೆ, ಆಲೂಗಡ್ಡೆ ದರ, ರಾಜಕೀಯ ಈ ಮೂರೂ ಮುಗಿದ ಮೇಲೆ ನಾಲ್ಕನೆಯದಾಗಿ ಬರುವ ಮಾತು ಒಂದೇ: ‘ನಿನ್ನೆ ಅದನ್ನ ನೋಡುದ್ರಾ?’ ನೋಡಿಲ್ಲ ಎಂದಿರೋ, ಹಾಸನದ ಬಸ್‌ ನಿಲ್ದಾಣ ಬರುವವರೆಗೂ ಪೂರ್ತಿ ಕಥೆ ಕೇಳಲು ಸಿದ್ಧರಾಗಿರಬೇಕು. ಪತ್ರಿಕೆಗಳಲ್ಲಿ ಬರುವ ವಿಮರ್ಶೆಗಿಂತ, ವಾಹಿನಿಯವರು ಹತ್ತು ನಿಮಿಷಕ್ಕೊಮ್ಮೆ ತೋರಿಸುವ ಜಾಹೀರಾತಿಗಿಂತ, ಪಕ್ಕದ ಸೀಟಿನವರ ಈ ಶಿಫಾರಸಿಗೆ ಬೆಲೆ ಹೆಚ್ಚು. ಏಕೆಂದರೆ ಅವರಿಗೆ ಅದರಿಂದ ಲಾಭವೇನೂ ಇಲ್ಲ.

ಇಂಥದೊಂದು ಶಿಫಾರಸನ್ನು ಕಳೆದ ತಿಂಗಳು ನಾನೂ ಮಾಡಿದೆ. ಅರಕಲಗೂಡಿನಲ್ಲಿರುವ ನನ್ನ ಅಜ್ಜಿಯನ್ನು ಕೂರಿಸಿಕೊಂಡು ‘ವೈಲ್ಡ್ ಕರ್ನಾಟಕ’ ಎಂಬ ಸಾಕ್ಷ್ಯಚಿತ್ರ ತೋರಿಸಿದೆ. ನೀರುನಾಯಿಗಳು, ಕಾಳಿಂಗ ಸರ್ಪ, ಮರದಿಂದ ಮರಕ್ಕೆ ತೇಲುವ ಹಾರುವ ಓತಿ! ತೇಜಸ್ವಿಯವರ ‘ಕರ್ವಾಲೊ’ ಓದಿದವರು ಆ ಓತಿಯನ್ನು ಕಂಡರೆ ಕುರ್ಚಿಯ ತುದಿಗೆ ಬರುವುದು ಖಂಡಿತ. ಅಜ್ಜಿ ‘ಕರ್ವಾಲೊ’ ಓದಿದವರಲ್ಲ. ಆದರೂ ಎಲೆಅಡಿಕೆ ಕೈಯಲ್ಲಿ ಹಿಡಿದವರು ಬಾಯಿಗೆ ಹಾಕುವುದನ್ನೇ ಮರೆತರು. ಮುಗಿದ ಮೇಲೆ ಅವರು ಕೇಳಿದ್ದು ಇಷ್ಟು: ‘ಇಂಥವು ಮೊದ್ಲೂ ಬರ್ತಿದ್ವಾ ಮಗ? ಮತ್ತೆ ನಮಗ್ಯಾಕೆ ಯಾರೂ ಹೇಳ್ಲಿಲ್ಲ?’

ಬರುತ್ತಿದ್ದವು. ಹೇಳುವವರೂ ಇದ್ದರು. ಆದರೆ ಅಜ್ಜಿಗೆ ಹೇಳಿ ಪ್ರಯೋಜನವಿರಲಿಲ್ಲ. ಅದು ಏಕೆಂದು ತಿಳಿಯಬೇಕಾದರೆ ಐವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಟೀವಿಯೆಂಬ ಪೆಟ್ಟಿಗೆ ಕನ್ನಡದ ಹಳ್ಳಿಗಳಿಗೆ ಮೊದಲು ಬಂದದ್ದು ಬೆಂಗಳೂರಿನ ದಾರಿಯಲ್ಲಲ್ಲ, ಆಕಾಶದ ದಾರಿಯಲ್ಲಿ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ ಕಾಲ ಅಮೆರಿಕದ ನಾಸಾ ಸಂಸ್ಥೆ ತನ್ನ ಎಟಿಎಸ್-6 ಉಪಗ್ರಹವನ್ನು ಭಾರತಕ್ಕೆ ಎರವಲು ಕೊಟ್ಟಿತ್ತು. ‘ಸೈಟ್’ ಎಂದು ಹೆಸರಾದ ಆ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಒಂದೊಂದು ಟೀವಿ ಪೆಟ್ಟಿಗೆ ಹಂಚಲಾಯಿತು. ಕರ್ನಾಟಕದ ಪಾಲಿಗೆ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು. ಬೇಸಾಯ, ಆರೋಗ್ಯ, ಮಕ್ಕಳ ವಿಜ್ಞಾನ ಇವೇ ಕಾರ್ಯಕ್ರಮಗಳು. ಇಂದಿನ ಮಾತಿನಲ್ಲಿ ಹೇಳುವುದಾದರೆ ಬಹುಪಾಲು ಸಾಕ್ಷ್ಯಚಿತ್ರಗಳೇ. ಭಾಷೆ? ಹಿಂದಿ, ಒರಿಯಾ, ತೆಲುಗು ಮತ್ತು ಕನ್ನಡ. ಹೌದು, ಉಪಗ್ರಹ ಮೊದಲು ನಮ್ಮ ಹಳ್ಳಿಗಳೊಡನೆ ಮಾತನಾಡಿದ್ದು ಕನ್ನಡದಲ್ಲಿ! ಆ ಎರವಲಿನ ಅವಧಿ ಮುಗಿದ ಮೇಲೆ 1977ರಲ್ಲಿ ಗುಲ್ಬರ್ಗದಲ್ಲಿ ದೂರದರ್ಶನದ ಪ್ರಸಾರ ಶುರುವಾಯಿತು.

ಹಾಸನ ಈ ಕಥೆಯೊಳಗೆ ಬರುವುದು 1982ರಲ್ಲಿ. ನಮ್ಮದೇ ಆದ ಇನ್‌ಸ್ಯಾಟ್ ಉಪಗ್ರಹಗಳನ್ನು ನೆಲದಿಂದ ನಿಯಂತ್ರಿಸುವ ಪ್ರಧಾನ ಕೇಂದ್ರ, ಎಂಸಿಎಫ್, ಹಾಸನದ ಸಾಲಗಾಮೆ ರಸ್ತೆಯಲ್ಲಿ ತಲೆಯೆತ್ತಿತು. ಆಕಾಶದತ್ತ ಬಾಯ್ತೆರೆದು ನಿಂತ ಆ ಬಿಳಿಯ ಡಿಶ್ ಆಂಟೆನಾಗಳನ್ನು ಹಾಸನದವರು ಇಂದೂ ದಿನನಿತ್ಯ ನೋಡುತ್ತಾರೆ. ಕೆಲಸವೇನು ಎಂದರೆ ಸರಳವಾಗಿ ಹೀಗೆ ಹೇಳಬಹುದು. ಉಪಗ್ರಹ ಮೂವತ್ತಾರು ಸಾವಿರ ಕಿಲೋಮೀಟರ್ ಎತ್ತರದಲ್ಲಿ ನಿಂತಂತೆ ಕಂಡರೂ ನಿಜವಾಗಿ ನಿಂತಿರುವುದಿಲ್ಲ, ಭೂಮಿಯ ಜೊತೆಗೇ ಸುತ್ತುತ್ತಿರುತ್ತದೆ. ಸೂರ್ಯ ಚಂದ್ರರ ಸೆಳೆತಕ್ಕೆ ಅದು ಅತ್ತಿತ್ತ ಜಾರುತ್ತದೆ. ಜಾರಿದಾಗಲೆಲ್ಲ ನೆಲದಿಂದ ಆದೇಶ ಕಳಿಸಿ, ಅದರೊಳಗಿನ ಚಿಕ್ಕ ಚಿಕ್ಕ ರಾಕೆಟ್‌ಗಳನ್ನು ಉರಿಸಿ ಸರಿದಾರಿಗೆ ತರಬೇಕು. ಎತ್ತಿನ ಗಾಡಿ ಹೊಡೆಯುವವನು ಮೂಗುದಾರ ಎಳೆದ ಹಾಗೆ.

ಮೊದಲ ಎತ್ತು ಹಳ್ಳಕ್ಕೆ ಬಿತ್ತು ಎನ್ನಬೇಕು. 1982ರ ಏಪ್ರಿಲ್ 10ರಂದು ಹಾರಿದ ಇನ್‌ಸ್ಯಾಟ್-1ಎ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ದಿಕ್ಕು ತಿದ್ದಿಕೊಳ್ಳುವ ಇಂಧನ ಬರಿದಾಗಿ ನಿರುಪಯುಕ್ತವಾಯಿತು. ಎರಡನೆಯದು 1983ರ ಆಗಸ್ಟ್ 30ರಂದು ಅಮೆರಿಕದ ಚಾಲೆಂಜರ್ ನೌಕೆಯ ಹೊಟ್ಟೆಯಲ್ಲಿ ಕುಳಿತು ಹೋದ ಇನ್‌ಸ್ಯಾಟ್-1ಬಿ. ಅದೂ ಸತಾಯಿಸಿತು. ಬಿಸಿಲಿನಿಂದ ವಿದ್ಯುತ್ ಮಾಡುವ ಅದರ ಸೌರಫಲಕ ಬಿಚ್ಚಿಕೊಳ್ಳಲೇ ಇಲ್ಲ. ಹಾಸನದ ಕೇಂದ್ರದಲ್ಲಿ ಎಂಜಿನಿಯರುಗಳು ಎಷ್ಟು ರಾತ್ರಿ ನಿದ್ದೆಗೆಟ್ಟಿರಬಹುದು, ನೀವೇ ಊಹಿಸಿ. ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಫಲಕ ಬಿಚ್ಚಿಕೊಂಡಿತು, ಅಕ್ಟೋಬರ್‌ನಲ್ಲಿ ಉಪಗ್ರಹ ಕೆಲಸಕ್ಕೆ ಬಂತು. ‘ಹಮ್ ಲೋಗ್’, ‘ರಾಮಾಯಣ’, ‘ಮಹಾಭಾರತ’ ಎಂದು ದೇಶ ಇಂದಿಗೂ ನೆನೆಸಿಕೊಳ್ಳುವ ಕಾಲಕ್ಕೆ ತಳಪಾಯ ಹಾಕಿದ್ದು ಆ ಉಪಗ್ರಹ.

1984ರಲ್ಲಿ ಕೆಲವು ತಿಂಗಳ ಕಾಲ ದಿನಕ್ಕೊಂದರಂತೆ ದೇಶದ ಊರೂರುಗಳಲ್ಲಿ ಟೀವಿ ಪ್ರಸಾರದ ಗೋಪುರಗಳು ಎದ್ದವು. ನಮ್ಮ ಕಥೆಯ ಗಂಟು ಇರುವುದು ಇಲ್ಲೇ. ಈ ಚಿಕ್ಕ ಗೋಪುರಗಳಿಗೆ ಸ್ವಂತ ಸ್ಟುಡಿಯೋ ಇರಲಿಲ್ಲ. ಉಪಗ್ರಹದಿಂದ ಬಂದದ್ದನ್ನು ಹಿಡಿದು ಸುತ್ತಮುತ್ತ ಹರಡುವುದಷ್ಟೇ ಅವುಗಳ ಕೆಲಸ. ಉಪಗ್ರಹಕ್ಕೆ ಕಾರ್ಯಕ್ರಮ ಏರಿಸುತ್ತಿದ್ದುದು ದೆಹಲಿ. ಬೆಂಗಳೂರು ಕೇಂದ್ರದಲ್ಲಿ ತಯಾರಾದ ಕನ್ನಡ ಕಾರ್ಯಕ್ರಮ ಗೋಪುರದಿಂದ ಗೋಪುರಕ್ಕೆ ನೆಲದ ಮೇಲಿನ ಕೊಂಡಿ ಹಿಡಿದೇ ಬರಬೇಕಿತ್ತು. ಕನ್ನಡಕ್ಕೆ ತನ್ನದೇ ಆದ ಉಪಗ್ರಹ ವಾಹಿನಿ ಬಂದದ್ದು 1990ರ ದಶಕದಲ್ಲಿ. ಅದೇ ಮುಂದೆ ‘ಚಂದನ’ ಆಯಿತು. ಅಂದರೆ ಉಪಗ್ರಹದ ಲಗಾಮು ಹಿಡಿದ ಊರಿನ ಜಿಲ್ಲೆಯಲ್ಲೇ, ಅದರಿಂದ ಇಳಿದು ಬರುತ್ತಿದ್ದ ಮಾತು ಬಹುತೇಕರಿಗೆ ತಿಳಿಯುತ್ತಿರಲಿಲ್ಲ.

ಆದರೂ ನೋಡಿದರು. 1987ರ ಜನವರಿ 25ರಿಂದ ಭಾನುವಾರ ಬೆಳಿಗ್ಗೆ ‘ರಾಮಾಯಣ’ ಶುರುವಾದಾಗ ಅಜ್ಜಿಯ ಬೀದಿಯಲ್ಲಿ ಟೀವಿ ಇದ್ದದ್ದು ಒಂದೇ ಮನೆಯಲ್ಲಂತೆ. ಬಾಗಿಲು ಹಾಕಿ ತೆಗೆಯುವ ಮರದ ಪೆಟ್ಟಿಗೆ, ಮಾಳಿಗೆಯ ಮೇಲೆ ಆಂಟೆನಾ, ಅದನ್ನು ತಿರುಗಿಸಲು ಒಬ್ಬ ಹುಡುಗ. ಹಿಂದಿ ಬಾರದಿದ್ದರೂ ತೊಂದರೆಯಾಗಲಿಲ್ಲ, ಏಕೆಂದರೆ ಕಥೆ ಮೊದಲೇ ಗೊತ್ತಿತ್ತು. ಹರಿಕಥೆ, ಯಕ್ಷಗಾನ, ತೊಗಲುಗೊಂಬೆ ಎಲ್ಲವೂ ಮೊದಲೇ ಹೇಳಿಕೊಟ್ಟಿದ್ದವು. ತೊಂದರೆಯಾದದ್ದು ಗೊತ್ತಿಲ್ಲದ ಸಂಗತಿ ಹೇಳುವ ಕಾರ್ಯಕ್ರಮಗಳಿಗೆ. ಶ್ಯಾಮ್ ಬೆನೆಗಲ್ ಅವರ ‘ಭಾರತ್ ಏಕ್ ಖೋಜ್’ 1988ರಲ್ಲಿ ಆರಂಭವಾಗಿ 53 ಕಂತುಗಳಲ್ಲಿ ಈ ದೇಶದ ಐದು ಸಾವಿರ ವರ್ಷಗಳ ಚರಿತ್ರೆ ಹೇಳಿತು. ಅಜ್ಜಿಗೆ ಅದರ ನೆನಪೇ ಇಲ್ಲ. ಮಾತು ತಿಳಿಯದಿದ್ದ ಮೇಲೆ ಚರಿತ್ರೆ ಬರೀ ವೇಷವಾಗುತ್ತದೆ.

ಇನ್ನೂ ವಿಚಿತ್ರ ‘ಮಾಲ್ಗುಡಿ ಡೇಸ್’. ನಿರ್ದೇಶನ ಶಂಕರ್‌ನಾಗ್, ಚಿತ್ರೀಕರಣ ಬಹುಪಾಲು ಆಗುಂಬೆಯಲ್ಲಿ, ರೈಲು ನಿಲ್ದಾಣ ಶಿವಮೊಗ್ಗ ಜಿಲ್ಲೆಯ ಅರಸಾಳು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ ಕಾರ್ನಾಡ, ತಾಯಿಯಾಗಿ ವೈಶಾಲಿ ಕಾಸರವಳ್ಳಿ. ಮಣ್ಣು ನಮ್ಮದು, ಮುಖಗಳು ನಮ್ಮವು, ಮಾತು ಮಾತ್ರ ಹಿಂದಿ ಮತ್ತು ಇಂಗ್ಲಿಷ್! ಕನ್ನಡಿಗರ ಅತ್ಯುತ್ತಮ ಟೀವಿ ಧಾರಾವಾಹಿ ಕನ್ನಡದಲ್ಲಿ ಇರಲಿಲ್ಲ ಎಂಬುದನ್ನು ನಾವು ಹೆಮ್ಮೆಯ ನಡುವೆ ಮರೆತುಬಿಟ್ಟಿದ್ದೇವೆ.

ಹೊಳೆನರಸೀಪುರದವರಿಗೆ ಮಾತ್ರ ಶಿಫಾರಸಿನ ಅಗತ್ಯವೇ ಇಲ್ಲದ ಒಂದು ‘ಧಾರಾವಾಹಿ’ ಸಿಕ್ಕಿತು. 1996ರ ಮೇ 27 ಮತ್ತು 28ರಂದು ವಾಜಪೇಯಿ ಸರ್ಕಾರದ ವಿಶ್ವಾಸಮತದ ಚರ್ಚೆ ಟೀವಿಯಲ್ಲಿ ನೇರವಾಗಿ ಬಂತು. ಜೂನ್ 1ರಂದು ತಾಲ್ಲೂಕಿನ ಹರದನಹಳ್ಳಿಯಲ್ಲಿ ಹುಟ್ಟಿದ ದೇವೇಗೌಡರು ಪ್ರಧಾನಿಯಾಗಿ ಪ್ರಮಾಣವಚನ ತೆಗೆದುಕೊಂಡರು. ಆಗಸ್ಟ್ 15ರಂದು ಕೆಂಪುಕೋಟೆಯಿಂದ ಅವರು ಹಿಂದಿಯಲ್ಲಿ ಭಾಷಣ ಓದಿದರು. ಅದನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡಿದ್ದರೆಂದು ಆಗ ವರದಿಯಾಗಿತ್ತು. ಕೊನೆಯ ಕಂತು 1997ರ ಏಪ್ರಿಲ್ 11ರ ವಿಶ್ವಾಸಮತ. ಊರಿನ ಮಗ ಸೋತದ್ದನ್ನೂ ಊರು ಟೀವಿಯ ಮುಂದೆಯೇ ಕುಳಿತು ನೋಡಿತು.

ಕನ್ನಡದಲ್ಲಿ ಏನೂ ಇರಲಿಲ್ಲ ಎಂದರೆ ತಪ್ಪಾಗುತ್ತದೆ. ಸದಾನಂದ ಸುವರ್ಣರ ‘ಗುಡ್ಡದ ಭೂತ’ ನೋಡಿ ರಾತ್ರಿ ಹಿತ್ತಲಿಗೆ ಹೋಗಲು ಹೆದರಿದ ಒಂದು ತಲೆಮಾರೇ ಇದೆ. 1998ರಲ್ಲಿ ಟಿ.ಎನ್. ಸೀತಾರಾಂ ಅವರ ‘ಮಾಯಾಮೃಗ’ ಬಂದಾಗ ಮನೆಗೆಲಸದ ವೇಳಾಪಟ್ಟಿಯೇ ಬದಲಾಯಿತು ಎಂದು ನಮ್ಮ ಅತ್ತೆ ಹೇಳುತ್ತಾರೆ. 2002ರ ಜನವರಿಯಲ್ಲಿ ಶುರುವಾದ ‘ಥಟ್ ಅಂತ ಹೇಳಿ’ಯಲ್ಲಿ ಡಾ. ನಾ. ಸೋಮೇಶ್ವರ ಸರಿಯುತ್ತರಕ್ಕೆ ಪುಸ್ತಕ ಕೊಡುತ್ತ ಸಾವಿರಾರು ಕಂತು ನಡೆಸಿದರು. ಧಾರಾವಾಹಿ ಇತ್ತು, ರಸಪ್ರಶ್ನೆ ಇತ್ತು. ಇಲ್ಲದ್ದು ಕಾಡು, ಕಡಲು, ಆಕಾಶ, ದೂರದ ದೇಶಗಳ ಬಗೆಗಿನ ದೊಡ್ಡ ಸಾಕ್ಷ್ಯಚಿತ್ರಗಳು. ಕೇಬಲ್ ಬಂದ ಮೇಲೆ ಇಂಥ ಕಾರ್ಯಕ್ರಮಗಳು ತಮಿಳು, ತೆಲುಗಿನಲ್ಲಿ ಮಾತನಾಡತೊಡಗಿದವು. ಕನ್ನಡದಲ್ಲಿ ಮಾತನಾಡಲಿಲ್ಲ.

ಕಾರಣ ಡಬ್ಬಿಂಗ್ ನಿಷೇಧ. ಇದರ ಬೇರು ನನ್ನ ಅಜ್ಜಿಯ ಊರಿನವರೆಗೂ ಬರುತ್ತದೆ. 1960ರ ದಶಕದಲ್ಲಿ ಪರಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವುದರ ವಿರುದ್ಧ ಹೋರಾಡಿದವರ ಮುಂಚೂಣಿಯಲ್ಲಿದ್ದವರು ಕಾದಂಬರಿಕಾರ ಅ.ನ. ಕೃಷ್ಣರಾಯರು. ಆ ‘ಅ’ ಎಂದರೆ ಅರಕಲಗೂಡು. ಅಂದು ಕನ್ನಡ ಚಿತ್ರರಂಗ ಮದರಾಸಿನ ನೆರಳಿನಲ್ಲಿತ್ತು. ಡಬ್ಬಿಂಗ್ ಬಂದಿದ್ದರೆ ಕನ್ನಡದ ನಟರಿಗೆ, ತಂತ್ರಜ್ಞರಿಗೆ ಕೆಲಸ ಉಳಿಯುವುದು ಕಷ್ಟವಿತ್ತು. ಆ ಹೋರಾಟ ಆ ಕಾಲಕ್ಕೆ ಸರಿಯೇ ಎಂದು ನನಗನ್ನಿಸುತ್ತದೆ. ಆದರೆ ಯಾವ ಕಾನೂನಿನ ಪುಸ್ತಕದಲ್ಲೂ ಇಲ್ಲದ ಆ ಕಟ್ಟುಪಾಡು ಅರ್ಧ ಶತಮಾನ ಮುಂದುವರಿದು, ಚಿತ್ರರಂಗಕ್ಕೆ ಸಂಬಂಧವೇ ಇಲ್ಲದ ಸಾಕ್ಷ್ಯಚಿತ್ರವನ್ನೂ ಮಕ್ಕಳ ಕಾರ್ಯಕ್ರಮವನ್ನೂ ಹೊರಗಿಟ್ಟಿತು. ಹುಲಿಯ ಬಗ್ಗೆ ಹೇಳುವ ಸಾಕ್ಷ್ಯಚಿತ್ರದಿಂದ ಯಾವ ನಟನ ಅನ್ನಕ್ಕೆ ಕಲ್ಲು ಬೀಳುತ್ತಿತ್ತು?

2012ರಲ್ಲಿ ಆಮಿರ್ ಖಾನರ ‘ಸತ್ಯಮೇವ ಜಯತೇ’ ತಮಿಳು, ತೆಲುಗು, ಮಲಯಾಳಂ ಎಲ್ಲದರಲ್ಲೂ ಬಂತು, ಕನ್ನಡದಲ್ಲಿ ಬರಲಿಲ್ಲ. ಹೆಣ್ಣು ಭ್ರೂಣಹತ್ಯೆಯಂಥ ವಿಷಯವನ್ನು ನಮ್ಮ ತಾಯಂದಿರು ತಮ್ಮ ಭಾಷೆಯಲ್ಲಿ ಕೇಳಬಾರದೆ ಎಂಬ ವಾದ ಆಗ ಜೋರಾಯಿತು. ಕನ್ನಡದ ಗ್ರಾಹಕರ ಪರವಾಗಿ ದೂರು ಹೋಯಿತು. 2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಡಬ್ಬಿಂಗ್ ತಡೆಯುವುದು ತಪ್ಪೆಂದು ತೀರ್ಪಿತ್ತು, ತಡೆದ ಸಂಸ್ಥೆಗಳಿಗೆ ದಂಡವನ್ನೂ ಹಾಕಿತು. 2020ರ ಲಾಕ್‌ಡೌನ್‌ನಲ್ಲಿ ಹೊಸ ಕಂತುಗಳ ಚಿತ್ರೀಕರಣ ನಿಂತಾಗ ವಾಹಿನಿಗಳಿಗೆ ಬೇರೆ ದಾರಿಯೇ ಉಳಿಯಲಿಲ್ಲ. ‘ಮಾಲ್ಗುಡಿ ಡೇಸ್’ ಮೂರು ದಶಕಗಳ ಬಳಿಕ ಕನ್ನಡ ಕಲಿತು ಮನೆಗೆ ಬಂದದ್ದು ಆಗಲೇ. ಅದೇ ವರ್ಷ ಜೂನ್ 5ರಂದು, ಪರಿಸರ ದಿನದಂದು, ‘ವೈಲ್ಡ್ ಕರ್ನಾಟಕ’ ಟೀವಿಗೆ ಬಂತು. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ ನಿರ್ದೇಶಿಸಿದ ಈ ಚಿತ್ರಕ್ಕೆ ಇಂಗ್ಲಿಷಿನಲ್ಲಿ ದನಿ ಕೊಟ್ಟವರು ಡೇವಿಡ್ ಅಟೆನ್‌ಬರೊ. ಆ ದನಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಆದರೆ ಅಜ್ಜಿ ಕೇಳಿದ್ದು ರಿಷಬ್ ಶೆಟ್ಟಿಯವರ ಕನ್ನಡದ ದನಿ. ಅಟೆನ್‌ಬರೊ ಅವರ ದನಿಯಲ್ಲಿ ಅದೇ ಚಿತ್ರ ಹಾಕಿದ್ದರೆ ಹತ್ತು ನಿಮಿಷಕ್ಕೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದರು ಎಂಬುದರಲ್ಲಿ ಸಂಶಯವಿಲ್ಲ.

ಇಷ್ಟು ಹೇಳಿದ ಮೇಲೆ ನಾನೇನು ನೋಡಿ ಎನ್ನುತ್ತೇನೆ ಎಂದು ಓದುಗರು ಕೇಳುವುದು ನ್ಯಾಯ. ‘ವೈಲ್ಡ್ ಕರ್ನಾಟಕ’ವನ್ನು ಮನೆಯ ಹಿರಿಯರ ಜೊತೆ ಕನ್ನಡದಲ್ಲೇ ನೋಡಿ. 2022ರ ‘ಗಂಧದ ಗುಡಿ’ಯನ್ನು ಪುನೀತ್ ರಾಜಕುಮಾರ್ ಅವರಿಗಾಗಿ ಎಲ್ಲರೂ ನೋಡಿದ್ದಾರೆ, ಇನ್ನೊಮ್ಮೆ ಕಾಡಿಗಾಗಿ ನೋಡಬಹುದು. ‘ಭಾರತ್ ಏಕ್ ಖೋಜ್’ ಹಿಂದಿಯಲ್ಲೇ ಇದೆ, ನಿಧಾನ ಗತಿಯದು. ಹಿಂದಿ ಬಲ್ಲವರು ಟಿಪ್ಪು ಸುಲ್ತಾನನ ಕಂತನ್ನಾದರೂ ನೋಡಿ ಪಕ್ಕದಲ್ಲಿರುವವರಿಗೆ ಬಿಡಿಸಿ ಹೇಳಿ. ಹೊಸ ಧಾರಾವಾಹಿಗಳಲ್ಲಿ ನಾನು ನೋಡಿದ ಎರಡು ಮೂರನ್ನು ಶಿಫಾರಸು ಮಾಡುವ ಧೈರ್ಯ ನನಗಿಲ್ಲ.

ಚನ್ನರಾಯಪಟ್ಟಣದವರಿಗೆ ಮಾತ್ರ ಒಂದು ವಿಶೇಷ ಶಿಫಾರಸು. 2025ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ ಎಸ್.ಎಲ್. ಭೈರಪ್ಪನವರು ಹುಟ್ಟಿದ್ದು ಈ ತಾಲ್ಲೂಕಿನ ಸಂತೇಶಿವರದಲ್ಲಿ. ಅವರ ‘ಗೃಹಭಂಗ’ವನ್ನು ಗಿರೀಶ ಕಾಸರವಳ್ಳಿ ಈಟೀವಿ ಕನ್ನಡಕ್ಕೆ ಧಾರಾವಾಹಿ ಮಾಡಿದ್ದರು. ಪ್ಲೇಗಿನ ಕಾಲದ ಹಳ್ಳಿ, ಜಡ ಗಂಡನನ್ನೂ ಬಾಯಿಬಡುಕಿ ಅತ್ತೆಯನ್ನೂ ಸಹಿಸುತ್ತ ಶಾನುಭೋಗಿಕೆಯ ಲೆಕ್ಕ ತಾನೇ ಬರೆದು ಮನೆ ನಡೆಸುವ ನಂಜಮ್ಮ, ಎಲ್ಲವೂ ಈ ಸೀಮೆಯದೇ. ಎಲ್ಲಿಯಾದರೂ ಸಿಕ್ಕರೆ ಬಿಡಬೇಡಿ. ಇಲ್ಲಿ ಡಬ್ಬಿಂಗಿನ ಪ್ರಶ್ನೆಯೇ ಬರುವುದಿಲ್ಲ. ಕಥೆ, ನೆಲ, ಮಾತು ಮೂರೂ ಒಂದೇ ಕಡೆಯವು.

ಕಳೆದ ವಾರ ಅರಕಲಗೂಡಿಗೆ ಫೋನ್ ಮಾಡಿದ್ದೆ. ಅಜ್ಜಿ ಎದುರುಮನೆಯ ಇಬ್ಬರಿಗೆ ಹಾರುವ ಓತಿಯ ವಿಷಯ ಹೇಳಿದ್ದಾರಂತೆ. ಅವರು ನಂಬುತ್ತಿಲ್ಲವಂತೆ. ಭಾನುವಾರ ಬಂದು ಹಾಕಿಕೊಡಬೇಕು ಎಂದು ನನಗೆ ಅಪ್ಪಣೆಯಾಗಿದೆ.