ಕಾಲೂರದ ಮಗು, ನಾಲ್ಕು ಪ್ರಶ್ನೆ

ಇವತ್ತು ಆಸ್ಪತ್ರೆಯ ಒಂದು ಲೆಕ್ಕದ ಇತಿಹಾಸ. ನಾನು ಓದಿದ್ದು ಬಿ.ಕಾಂ, ಹಾಗಾಗಿ ಇಲ್ಲಿ ನನ್ನನ್ನ ಹಿಡಿದು ನಿಲ್ಲಿಸಿದ್ದು ಔಷಧಿ ಅಲ್ಲ, ಪರ್ಸೆಂಟೇಜು.

ನಿನ್ನೆ ಓಡಾಡ್ತಿದ್ದ ಮಗು ಬೆಳಗ್ಗೆ ಎದ್ದು ಕಾಲೂರೋದಿಲ್ಲ ಅಂತ ಅಳುತ್ತೆ. ಸೊಂಟದ ಕೀಲಲ್ಲಿ ನೋವು. ಕೆಲವೇ ದಿನದಲ್ಲಿ ತಾನಾಗೇ ಇಳಿಯೋ ಊತ ಇರಬಹುದು. ಇಲ್ಲಾಂದ್ರೆ ಬ್ಯಾಕ್ಟೀರಿಯಾ ಸೇರಿ ಕೀಲೊಳಗೆ ಕೀವಾಗಿರಬಹುದು. ಕೀವಾದರೆ ತಕ್ಷಣ ಆಪರೇಷನ್ ಮಾಡಿ ತೊಳೀಬೇಕು. ತಡವಾದರೆ ಕೀಲೇ ಹಾಳಾಗಿ ಮಗು ಜೀವನಪೂರ್ತಿ ಕುಂಟಬಹುದು. ಬರೀ ಊತ ಆಗಿದ್ದರೆ ಆ ಆಪರೇಷನ್ನೇ ದಂಡ. ಶುರುವಿನಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತವೆ.

ಲಂಡನ್ನಿನ ಸರ್ಜನ್ ಥಾಮಸ್ ಸ್ಮಿತ್ 1874ರಲ್ಲೇ ಕೈಗೂಸುಗಳ ಕೀಲು ಸೋಂಕಿನ ಬಗ್ಗೆ ಬರೆದಿದ್ದರು. ಆದರೆ ಗುರುತಿಸೋದಕ್ಕೆ ಒಂದು ಲೆಕ್ಕ ಅಂತ ಹೆಸರಾಗಿದ್ದು 1999ರಲ್ಲಿ. ಅಮೆರಿಕದ ಬಾಸ್ಟನ್ನಿನಲ್ಲಿ ಮಿನಿಂದರ್ ಕೋಚರ್ ಮತ್ತು ಸಂಗಡಿಗರು 1979ರಿಂದ 1996ರವರೆಗಿನ ಹಳೇ ಫೈಲುಗಳನ್ನ ತೆಗೆದರು. ಲೆಡ್ಜರ್ ತಿರುವಿ ಹಾಕಿದ ಹಾಗೆ! ಉಳಿದದ್ದು ನಾಲ್ಕೇ ಪ್ರಶ್ನೆ. ಜ್ವರ ಬಂದಿತ್ತಾ? ಕಾಲೂರೋದಕ್ಕೆ ಆಗ್ತಿಲ್ವಾ? ರಕ್ತಪರೀಕ್ಷೆಯಲ್ಲಿ ಇಎಸ್‌ಆರ್ 40 ಮುಟ್ಟಿದೆಯಾ? ಬಿಳಿ ರಕ್ತಕಣ 12,000 ದಾಟಿವೆಯಾ? ಒಂದಕ್ಕೆ ಮಾತ್ರ ಹೌದಾದರೆ ಕೀವಿರುವ ಸಾಧ್ಯತೆ 3%. ಎರಡಕ್ಕೆ 40%. ಮೂರಕ್ಕೆ 93%. ನಾಲ್ಕಕ್ಕೂ ಹೌದಾದರೆ 99.6%.

ಇಷ್ಟು ನೀಟಾದ ಟೇಬಲ್ ಕಂಡರೆ ನನಗಂತೂ ಮೊದಲು ಅನುಮಾನ ಬರುತ್ತೆ. 2004ರಲ್ಲಿ ಅದೇ ತಂಡ ಹೊಸ ಮಕ್ಕಳ ಮೇಲೆ ಲೆಕ್ಕ ಹಾಕಿದಾಗ 99.6 ಇಳಿದು 93 ಆಯ್ತು. ಅದೇ ವರ್ಷ ಸೇಂಟ್ ಲೂಯಿಸ್‌ನ ವೈದ್ಯರು ತಮ್ಮ ಫೈಲುಗಳಲ್ಲಿ ನೋಡಿದರು: ಬರೀ 59! ಒಂದೂರಿನ ಫೈಲಿನಲ್ಲಿ ಹುಟ್ಟಿದ ಪರ್ಸೆಂಟೇಜು ಇನ್ನೊಂದೂರಿಗೆ ಹಾಗ್ಹಾಗೇ ಕೂರಲ್ಲ.

ಇನ್ನೊಂದು ತೂತೂ ಇತ್ತು. ಕೀಲಿನ ನೀರು ತೆಗೆದು ಲ್ಯಾಬಿಗೆ ಕಳಿಸಿದರೂ ಎಷ್ಟೋ ಸಲ ಏನೂ ಬೆಳೀತಿರಲಿಲ್ಲ. 1992ರಲ್ಲಿ ಇಸ್ರೇಲಿನ ಬೀರ್‌ಶೆಬಾದಲ್ಲಿ ಪ್ಯಾಬ್ಲೊ ಯಗುಪ್ಸ್ಕಿ ತಂಡ ಆ ನೀರನ್ನ ತಟ್ಟೆಗೆ ಸವರೋ ಬದಲು ರಕ್ತದ ಕಲ್ಚರ್ ಬಾಟಲಿಗೆ ಹಾಕಿ ನೋಡಿತು. ಬೆಳೆದದ್ದು ಕಿಂಗೆಲ್ಲಾ ಕಿಂಗೇ ಅನ್ನೋ ಬ್ಯಾಕ್ಟೀರಿಯಾ. ಇದು ಹೆಚ್ಚಾಗಿ ಕಾಡೋದು ನಾಲ್ಕು ವರ್ಷದೊಳಗಿನ ಮಕ್ಕಳನ್ನ. ಎಷ್ಟೋ ಸಲ ಜ್ವರ ಜೋರಿರಲ್ಲ, ರಕ್ತದ ರಿಪೋರ್ಟೂ ಅಂಥ ಗಾಬರಿ ಹುಟ್ಟಿಸಲ್ಲ. ಬಾಸ್ಟನ್ನಿನ ನಾಲ್ಕು ಪ್ರಶ್ನೆಗೆ ಅಂಥ ಮಗು ಸಿಗದೇ ಜಾರಿಹೋಗಬಹುದು. ಕಾಲು ಮಾತ್ರ ಊರೋದಿಲ್ಲ.