ಮೊಲ ಕಾಣದ ನಕ್ಷೆ

ಹೈದರಾಬಾದಿನ ಹಿಮಾಯತ್‌ನಗರಕ್ಕೆ ಆ ಹೆಸರು ಬಂದದ್ದು ಏಳನೆಯ ನಿಜಾಮರ ಹಿರಿಯ ಮಗ ಹಿಮಾಯತ್ ಅಲಿ ಖಾನರಿಂದ. ಇಂದು ಅಲ್ಲಿ ಅಂಗಡಿ, ಅಪಾರ್ಟ್‌ಮೆಂಟುಗಳ ಸಾಲು. ಆದರೆ ಅದೇ ಊರಿನ ಆಗ್ನೇಯ ಅಂಚಿನಲ್ಲಿ, ವಿಜಯವಾಡ ರಸ್ತೆಯ ಪಕ್ಕ, ನಿಜಾಮರ ಬೇಟೆಯ ಬಯಲೊಂದು ಇನ್ನೂ ಬಯಲಾಗಿಯೇ ಇದೆ. 1975ರಲ್ಲಿ ಅದು ಮಹಾವೀರ ಹರಿಣ ವನಸ್ಥಲಿ ಆಯಿತು. ಕಾನೂನಿನ ಕಾವಲು ಸಿಕ್ಕಿದ್ದು ಕೃಷ್ಣಮೃಗಕ್ಕೆ. ಅದರ ನೆರಳಿನಲ್ಲಿ ಕಪ್ಪು ಕತ್ತಿನ ಮೊಲವೂ ಉಳಿಯಿತು.

ಮೊಲವನ್ನು ನೋಡುವ ಕಣ್ಣು ತಡವಾಗಿ ತೆರೆಯಿತು. ಆರನೆಯ ನಿಜಾಮರ ಆಸ್ಥಾನ ಛಾಯಾಗ್ರಾಹಕ ರಾಜಾ ದೀನ್ ದಯಾಳರ ಶಿಕಾರಿ ಚಿತ್ರಗಳಲ್ಲಿ ಸತ್ತ ಹುಲಿ ಕಾಲಬುಡದಲ್ಲಿ ಬಿದ್ದಿರುತ್ತದೆ. ಅಡುಗೆಮನೆಗೆ ಹೋಗುವ ಮೊಲದ ಚಿತ್ರವನ್ನು ಯಾರು ತೆಗೆಸುತ್ತಾರೆ? 1823ರಲ್ಲಿ ಫ್ರೆಡರಿಕ್ ಕ್ಯುವಿಯೆ ಅದಕ್ಕೆ ಶಾಸ್ತ್ರೀಯ ಹೆಸರಿಟ್ಟ. 1911ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಆರಂಭಿಸಿದ ಸಸ್ತನಿ ಸಮೀಕ್ಷೆ ಧಾರವಾಡ ಸೀಮೆಗೂ ಬಂದು, ಸಸ್ತನಿಗಳ ಚರ್ಮ, ತಲೆಬುರುಡೆಗಳನ್ನು ಒಯ್ದಿತು. ಬದುಕಿರುವ ಪ್ರಾಣಿ ಏನು ಮಾಡುತ್ತದೆಂದು ಚರ್ಮ ಹೇಳುವುದಿಲ್ಲ.

ಅದನ್ನು ತಿಳಿಯಲು ಬಯಲಿನಲ್ಲಿ ಕೂರಬೇಕು. ಕಾಡುಮೊಲ ಬಿಲ ತೋಡುವುದಿಲ್ಲ. ಹುಲ್ಲನ್ನು ಮೈಯಿಂದ ಒತ್ತಿ ಮಾಡಿದ ತಗ್ಗಿನಲ್ಲಿ ಕಿವಿ ಮಡಚಿ ಹಗಲು ಕಳೆಯುತ್ತದೆ. ಮರಿಗಳು ಹುಟ್ಟುವಾಗಲೇ ಮೈತುಂಬ ರೋಮ, ತೆರೆದ ಕಣ್ಣು. ಆಳು ತೀರ ಹತ್ತಿರ ಬರುವತನಕ ಅದು ಅಲುಗದು. ಎದ್ದರೆ ಅಂಕುಡೊಂಕಾಗಿ ಓಟ. ಹೀಗಾಗಿ ಚಿತ್ರ ತೆಗೆಯುವವರು ನೆಲಕ್ಕೆ ಹೊಟ್ಟೆ ಹಚ್ಚಿ, ಮುಸ್ಸಂಜೆಯ ತನಕ ಕಾಯುತ್ತಾರೆ. ಹುಲ್ಲು ಮೇಯಲು ಅದು ಹೊರಬರುವುದು ಆಗ.

ಅದೇ ನೆಲದ ಇನ್ನೊಂದು ಚಿತ್ರವೂ ಹೈದರಾಬಾದಿನಲ್ಲೇ ತಯಾರಾಯಿತು, ಆಕಾಶದಿಂದ. ಅಲ್ಲಿನ ರಾಷ್ಟ್ರೀಯ ದೂರಸಂವೇದಿ ಸಂಸ್ಥೆ ಉಪಗ್ರಹ ಚಿತ್ರಗಳಿಂದ ರೂಪಿಸಿದ ಪಾಳುಭೂಮಿ ನಕ್ಷಾಸಂಪುಟ 2000ದಲ್ಲಿ ಹೊರಬಂತು. ಅದರ ಪ್ರಕಾರ ದೇಶದ ಐದನೇ ಒಂದು ಭಾಗ ಪಾಳು. ಆ ಲೆಕ್ಕದಲ್ಲಿ ಕುರುಚಲು ಬಯಲುಗಳೂ ಸೊರಗಿದ ಗೋಮಾಳಗಳೂ ಸೇರಿದ್ದವು. ಕಂದಾಯದ ಹಳೆಯ ಕಡತಗಳು ಬಂಜರು ಎಂದಿದ್ದನ್ನೇ ಹೊಸ ಕಣ್ಣೂ ಹೇಳಿತು. ಪಾಳು ಎಂದ ಮೇಲೆ ಅಲ್ಲಿ ಗಿಡ ನೆಡಬಹುದು, ಸೈಟು ಮಾಡಬಹುದು, ಸೌರಫಲಕ ಹಾಸಬಹುದು; ಕೇಳುವವರಿಲ್ಲ.

ನೂರಾರು ಕಿಲೋಮೀಟರು ಎತ್ತರದಿಂದ ಹುಲ್ಲಿನ ತಗ್ಗಿನಲ್ಲಿ ಮಲಗಿದ ಮೊಲ ಕಾಣುವುದಿಲ್ಲ. ಅದಕ್ಕೇ ಕೆಳಗಿನ ಚಿತ್ರ ಬೇಕು: ಯಾವ ಊರ ಬಯಲು, ಯಾವ ದಿನ, ಎಷ್ಟು ಹೊತ್ತಿಗೆ ಎಂದು ಬರೆದಿಟ್ಟ ಒಂದು ಮೊಲದ ಚಿತ್ರ. ಈ ನೆಲ ಖಾಲಿಯಿಲ್ಲ ಎಂಬುದಕ್ಕೆ ಅದೇ ಸಾಕ್ಷಿ.